ಟ್ಯಾಕ್ಸಿಯಲ್ಲಿ ಬಂದ ಸಾವಿನ ಸುದ್ದಿ

1965ರ ನವೆಂಬರ್ ಮೂರನೆಯ ವಾರ ಅಮೆರಿಕದ ಜಾರ್ಜಿಯಾ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ ಟ್ಯಾಕ್ಸಿ ಕಂಡರೆ ಹೆಂಗಸರ ಎದೆ ನಡುಗುತ್ತಿತ್ತು. ಬೀದಿಯ ತಿರುವಿನಲ್ಲಿ ಅದು ನಿಧಾನ ಮಾಡಿದರೆ ಮನೆಯೊಳಗಿನ ಮಾತು ನಿಲ್ಲುತ್ತಿತ್ತು. ಮುಂದಕ್ಕೆ ಹೋದರೆ ಹೋದ ಜೀವ ಬಂದಂತಾಗುತ್ತಿತ್ತು, ಮರುಗಳಿಗೆಯಲ್ಲೇ ಅದು ಯಾರ ಬಾಗಿಲಿಗೆ ಹೋಗಿ ನಿಂತೀತು ಎಂಬ ಸಂಕಟ ಶುರುವಾಗುತ್ತಿತ್ತು. ಆ ಟ್ಯಾಕ್ಸಿಗಳಲ್ಲಿ ಪ್ರಯಾಣಿಕರು ಇರಲಿಲ್ಲ. ಚಾಲಕರ ಕೈಯಲ್ಲಿ ವೆಸ್ಟರ್ನ್ ಯೂನಿಯನ್ ಕಂಪನಿಯ ಟೆಲಿಗ್ರಾಂಗಳಿದ್ದವು. ಒಂದೊಂದು ಟೆಲಿಗ್ರಾಮೂ ಒಬ್ಬೊಬ್ಬ ಹೆಂಗಸಿಗೆ ನಿನ್ನ ಗಂಡ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಎಂದು ತಿಳಿಸುವುದಾಗಿತ್ತು.

ಕೊಲಂಬಸ್‌ಗೆ ಅಂಟಿಕೊಂಡೇ ಇರುವ ಫೋರ್ಟ್ ಬೆನಿಂಗ್ ಅಮೆರಿಕದ ಕಾಲ್ದಳದ ದೊಡ್ಡ ನೆಲೆ. ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ಒಯ್ದು ನೇರ ಶತ್ರುವಿನ ನಡುವೆ ಇಳಿಸುವ ಹೊಸ ಪದ್ಧತಿಯನ್ನು ಅಲ್ಲಿ ಪರೀಕ್ಷಿಸಿ, 1965ರ ಜುಲೈ 1ರಂದು ಅದಕ್ಕೆಂದೇ 1ನೇ ಕ್ಯಾವಲ್ರಿ ಡಿವಿಷನ್ನನ್ನು ಸಜ್ಜುಗೊಳಿಸಿದರು. ಆ ತಿಂಗಳ 28ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಈ ಡಿವಿಷನ್ ವಿಯೆಟ್ನಾಮಿಗೆ ಹೋಗಲಿದೆ ಎಂದು ಘೋಷಿಸಿದರು. ಆಗಸ್ಟ್‌ನಲ್ಲಿ ಗಂಡಸರು ಹಡಗು ಹತ್ತಿದರು. ಅವರು ಹೊರಟದ್ದೇ ತಡ, ಹೆಂಡತಿ ಮಕ್ಕಳಿಗೆ ಸೇನೆಯ ವಸತಿಗಳನ್ನು ಖಾಲಿ ಮಾಡುವಂತೆ ಸೂಚನೆ ಬಂತು. ಹೀಗಾಗಿ ಬಹಳಷ್ಟು ಕುಟುಂಬಗಳು ಪಟ್ಟಣದ ಬಾಡಿಗೆ ಮನೆಗಳಿಗೆ, ಗಾಲಿಯ ಮೇಲಿನ ಅಗ್ಗದ ಟ್ರೈಲರ್ ಮನೆಗಳಿಗೆ ಚದುರಿಹೋದವು. ಸೇನೆಯ ಬೇಲಿಯೊಳಗೆ ಒಟ್ಟಿಗೆ ಇದ್ದಿದ್ದರೆ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಓಡಿ ಬರುತ್ತಿದ್ದರು. ಅದೂ ತಪ್ಪಿತು.

ನವೆಂಬರ್ 14ರಂದು ಲೆಫ್ಟಿನೆಂಟ್ ಕರ್ನಲ್ ಹಾಲ್ ಮೂರ್ ನೇತೃತ್ವದಲ್ಲಿ 7ನೇ ಕ್ಯಾವಲ್ರಿಯ 1ನೇ ಬೆಟಾಲಿಯನ್ ಕಾಂಬೋಡಿಯಾ ಗಡಿಯ ಹತ್ತಿರದ ಇಯಾ ದ್ರಾಂಗ್ ಕಣಿವೆಯಲ್ಲಿ ಇಳಿಯಿತು. ಅವರೆಲ್ಲ ಸೇರಿ ಸುಮಾರು 450 ಮಂದಿ. ಎದುರಿಗೆ ಚು ಪಾಂಗ್ ಬೆಟ್ಟದ ಬುಡದಲ್ಲಿ ಉತ್ತರ ವಿಯೆಟ್ನಾಮಿನ ಸೇನೆ ಅವರ ಹಲವು ಪಟ್ಟು ಸಂಖ್ಯೆಯಲ್ಲಿತ್ತು. ಎಕ್ಸ್-ರೇ ಎಂದು ಹೆಸರಿಟ್ಟ ಆ ಬಯಲಿನಲ್ಲಿ ಮೂರು ದಿನಗಳಲ್ಲಿ 79 ಅಮೆರಿಕನ್ನರು ಸತ್ತರು. 17ರಂದು ಪಕ್ಕದ ಆಲ್ಬನಿ ಎಂಬ ಬಯಲಿನತ್ತ ನಡೆದು ಹೋಗುತ್ತಿದ್ದ ಜೊತೆಯ ಬೆಟಾಲಿಯನ್ ಎತ್ತರದ ಹುಲ್ಲಿನ ನಡುವೆ ಸಿಕ್ಕಿಬಿದ್ದು, ಒಂದೇ ಮಧ್ಯಾಹ್ನ ಮತ್ತು ರಾತ್ರಿಯಲ್ಲಿ 155 ಮಂದಿ ಪ್ರಾಣ ಬಿಟ್ಟರು. ನಾಲ್ಕು ದಿನಕ್ಕೆ 234 ಸಾವು. ವಿಯೆಟ್ನಾಮಿನಲ್ಲಿ ಅಷ್ಟರವರೆಗೆ ಒಂದೆರಡರಂತೆ ಬರುತ್ತಿದ್ದ ಸಾವಿನ ಲೆಕ್ಕ ಹೀಗೆ ನೂರುಗಳಿಗೆ ಏರಿತ್ತು. ಆ ಸತ್ತವರಲ್ಲಿ ಬಹಳ ಮಂದಿಯ ಹೆಂಡಿರು ಕೊಲಂಬಸ್‌ನಲ್ಲಿದ್ದರು.

ಈ ಸೇನೆ ಹೆಲಿಕಾಪ್ಟರುಗಳ ಇಂಧನವನ್ನು, ಗುಂಡನ್ನು, ರಕ್ತದ ಬಾಟಲಿಗಳನ್ನು ಮೊದಲೇ ಲೆಕ್ಕ ಹಾಕಿತ್ತು. ಗಂಡ ಸತ್ತನೆಂದು ಹೆಂಡತಿಗೆ ಯಾರು ಹೇಳಬೇಕು ಎಂಬ ಲೆಕ್ಕ ಮಾತ್ರ ಹಾಕಿರಲಿಲ್ಲ. ವಾಷಿಂಗ್ಟನ್ನಿನಿಂದ ಟೆಲಿಗ್ರಾಂ ಹೊರಡುತ್ತಿತ್ತು: ಸೇನಾ ಕಾರ್ಯದರ್ಶಿಗಳು ತಮ್ಮ ಆಳವಾದ ವಿಷಾದವನ್ನು ತಿಳಿಸಲು ನನಗೆ ಹೇಳಿದ್ದಾರೆ ಎಂದು ಶುರುವಾಗುವ ಒಕ್ಕಣೆ, ಗಂಡನ ಹೆಸರು, ತಾರೀಖು, ಕೊನೆಗೆ ಒಬ್ಬ ಮೇಜರ್ ಜನರಲ್‌ನ ಹೆಸರು. ಕೊಲಂಬಸ್‌ನ ತಂತಿ ಕಚೇರಿಗೆ ಅಷ್ಟೊಂದು ಟೆಲಿಗ್ರಾಂ ಹಂಚುವ ಆಳುಗಳಿರಲಿಲ್ಲ. ಟ್ಯಾಕ್ಸಿಯವರನ್ನು ಕರೆದು ಕೈಗೆ ಕೊಟ್ಟರು. ಹೊತ್ತಿಲ್ಲ ಗೊತ್ತಿಲ್ಲ, ನಡುರಾತ್ರಿಯಲ್ಲೂ ಬಾಗಿಲು ತಟ್ಟಿದರು. ಒಬ್ಬ ಚಾಲಕ ಹೀಗೆ ತಟ್ಟಿ ಎಬ್ಬಿಸಿದಾಗ ಬಾಗಿಲು ತೆರೆದವಳು ಎಳೆ ಹರೆಯದ ತುಂಬು ಗರ್ಭಿಣಿ. ಸುದ್ದಿ ತಿಳಿದ ಕೂಡಲೇ ಅವಳು ಪ್ರಜ್ಞೆ ತಪ್ಪಿ ಬಿದ್ದಳು. ಬಾಡಿಗೆಗೆ ಗಾಡಿ ಓಡಿಸುವ ಆ ಮನುಷ್ಯನಿಗೆ ಏನು ಮಾಡಬೇಕೆಂದು ಯಾರು ಕಲಿಸಿದ್ದರು? ಅವನು ಅಕ್ಕಪಕ್ಕದವರ ಬಾಗಿಲು ಬಡಿದು ಜನ ಕೂಡಿಸಿದ. ಅಷ್ಟಾದರೂ ಮಾಡಿದನಲ್ಲ ಎಂದು ನನಗೆ ಅವನ ಮೇಲೆ ಗೌರವವೇ ಇದೆ. ತಪ್ಪು ಅವನದಲ್ಲ.

ಸಾವನ್ನು ಹೀಗೆ ಕಾಗದದಲ್ಲಿ ತಿಳಿಸುವ ಪದ್ಧತಿ ಆ ವಾರ ಹುಟ್ಟಿದ್ದೂ ಅಲ್ಲ. ಮೊದಲ ಮಹಾಯುದ್ಧದ ಬ್ರಿಟನ್ನಿನಲ್ಲಿ ಸತ್ತವನು ಅಧಿಕಾರಿಯಾಗಿದ್ದರೆ ಮನೆಗೆ ತಂತಿ ಬರುತ್ತಿತ್ತು. ಸಾಮಾನ್ಯ ಸಿಪಾಯಿಯಾಗಿದ್ದರೆ ಅಚ್ಚು ಹಾಕಿಸಿದ ನಮೂನೆಯೊಂದು ಅಂಚೆಯಲ್ಲಿ ಬರುತ್ತಿತ್ತು. ಅದರ ನಂಬರು ಬಿ.104-82. ಹೆಸರು, ದಳ, ತಾರೀಖು ತುಂಬಲು ಅದರಲ್ಲಿ ಖಾಲಿ ಜಾಗ ಬಿಟ್ಟಿದ್ದರು. ಸಾವಿನಲ್ಲೂ ದರ್ಜೆ. ಕವಿ ವಿಲ್ಫ್ರೆಡ್ ಓವನ್ ಅಧಿಕಾರಿಯಾಗಿದ್ದವನು. ಫ್ರಾನ್ಸಿನ ಓರ್ಸ್ ಬಳಿ ಕಾಲುವೆ ದಾಟುವಾಗ 1918ರ ನವೆಂಬರ್ 4ರಂದು ಗುಂಡಿಗೆ ಬಲಿಯಾದ. ಆ ತಂತಿ ಶ್ರೂಸ್‌ಬರಿಯಲ್ಲಿದ್ದ ತಂದೆ ತಾಯಿಯ ಮನೆ ಸೇರಿದ್ದು ನವೆಂಬರ್ 11ರಂದು. ಯುದ್ಧ ಮುಗಿಯಿತೆಂದು ಊರ ಚರ್ಚುಗಳ ಗಂಟೆ ಬಾರಿಸುತ್ತಿದ್ದ ದಿನ ಅದು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಬೆಡ್‌ಫರ್ಡ್ ಎಂಬ ಪುಟ್ಟ ಊರಿನ ಕಥೆ ಇನ್ನೂ ಕರುಳು ಹಿಂಡುತ್ತದೆ. ಊರಿನ ಹಲವು ಹುಡುಗರು ಒಂದೇ ಕಂಪನಿಯಲ್ಲಿದ್ದರು. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದಲ್ಲಿ ಇಳಿದ ಮೊದಲ ಅಲೆಯಲ್ಲೇ ಅವರಿದ್ದರು. ಊರಿಗೆ ಸುದ್ದಿ ಇಲ್ಲ. ಕಾಗದಗಳು ನಿಂತುಹೋದವು. ಜುಲೈ 17ರ ಬೆಳಗ್ಗೆ ಗ್ರೀನ್ಸ್ ಔಷಧಿ ಅಂಗಡಿಯ ಮೂಲೆಯಲ್ಲಿದ್ದ ಟೆಲಿಪ್ರಿಂಟರನ್ನು ಇಪ್ಪತ್ತೊಂದು ವರ್ಷದ ಯುವತಿ ಚಾಲೂ ಮಾಡಿದಾಗ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬರತೊಡಗಿದವು. ಆ ಬೆಳಗ್ಗೆಯೇ ಒಂಬತ್ತು. ಎಲ್ಲವೂ ಅವಳು ಬಲ್ಲ ಮನೆಗಳು. ಕಾಫಿಗೆಂದು ಅಂಗಡಿಗೆ ಬಂದಿದ್ದ ಶೆರಿಫ್, ಊರಿನ ವೈದ್ಯ, ಟ್ಯಾಕ್ಸಿಯವನು, ಹೀಗೆ ಕೈಗೆ ಸಿಕ್ಕವರನ್ನು ಕೇಳಿಕೊಂಡು ಅವಳು ಆ ತಂತಿಗಳನ್ನು ತಲುಪಿಸಿದಳು. ಅಲ್ಲಿಯೂ ಟ್ಯಾಕ್ಸಿಯವನಿದ್ದ, ಆದರೆ ಅವನು ಊರಿನವನು. ಸತ್ತ ಹುಡುಗನನ್ನು ಕಂಡು ಬಲ್ಲವನು. ಕೊಲಂಬಸ್‌ನಲ್ಲಿ ಆ ಪರಿಚಯವೂ ಇರಲಿಲ್ಲ.

ಅಮೆರಿಕದ ಸೇನಾಪಡೆಗಳಿಗೆ ಮನೆ ಬಾಗಿಲಿಗೆ ಹೋಗಿ ಹೇಳುವುದು ಗೊತ್ತಿರಲಿಲ್ಲವೆಂದಲ್ಲ. 1942ರ ನವೆಂಬರ್ 13ರಂದು ಗ್ವಾಡಲ್‌ಕನಾಲ್ ಬಳಿ ಜೂನೋ ಎಂಬ ಯುದ್ಧನೌಕೆ ಮುಳುಗಿದಾಗ ಅದರಲ್ಲಿ ಸಲಿವನ್ ಮನೆತನದ ಐವರು ಅಣ್ಣತಮ್ಮಂದಿರಿದ್ದರು. ಶತ್ರುವಿಗೆ ತಿಳಿಯಬಾರದೆಂದು ನೌಕಾಪಡೆ ಸುದ್ದಿಯನ್ನು ಬಚ್ಚಿಟ್ಟಿತು. ಗಾಳಿಮಾತು ಕಿವಿಗೆ ಬಿದ್ದು ತಾಯಿ ತಾನೇ ಕಾಗದ ಬರೆದು ಕೇಳಬೇಕಾಯಿತು. ಮರು ವರ್ಷದ ಜನವರಿಯ ಒಂದು ಬೆಳಗ್ಗೆ ಅಯೋವಾ ರಾಜ್ಯದ ವಾಟರ್‌ಲೂ ಊರಿನಲ್ಲಿ ರೈಲ್ವೆ ಕೆಲಸಕ್ಕೆ ಹೊರಟಿದ್ದ ತಂದೆಯ ಎದುರು ನೌಕಾಪಡೆಯವರು ಬಂದು ನಿಂತರು. ಯಾವ ಮಗ ಎಂದು ತಂದೆ ಕೇಳಿದರಂತೆ. ಐವರೂ ಎಂಬ ಉತ್ತರ ಬಂತು. ಐದು ಸಾವಿಗೆ ಮನುಷ್ಯರು ಬಂದರು. ಒಂದು ಸಾವಿಗೆ ತಂತಿಯೇ ಸಾಕು ಎಂದು ಆಮೇಲೂ ಇಪ್ಪತ್ತು ವರ್ಷ ನಡೆದುಹೋಯಿತು.

ಅದನ್ನು ನಿಲ್ಲಿಸಿದವರು ಹಾಲ್ ಮೂರ್ ಅವರ ಹೆಂಡತಿ ಜೂಲಿಯಾ ಕಾಂಪ್ಟನ್ ಮೂರ್. ಸೇನೆಯಲ್ಲಿ ಹುಟ್ಟಿ ಸೇನೆಯಲ್ಲೇ ಬೆಳೆದ ಹೆಣ್ಣುಮಗಳು. ತಂದೆ ಕರ್ನಲ್. ಎರಡನೆಯ ಮಹಾಯುದ್ಧಕ್ಕೆ ತಂದೆಯನ್ನು ಕಳಿಸಿದ್ದರು, ಕೊರಿಯಾಕ್ಕೆ ಗಂಡನನ್ನು ಕಳಿಸಿದ್ದರು. ಈಗ ಐದು ಮಕ್ಕಳನ್ನು ಕಟ್ಟಿಕೊಂಡು ಕೊಲಂಬಸ್‌ನಲ್ಲಿ ಮನೆ ಮಾಡಿದ್ದರು. ಗಂಡ ಇಯಾ ದ್ರಾಂಗ್‌ನಲ್ಲಿ ಬದುಕಿದ್ದಾನೋ ಇಲ್ಲವೋ ಎಂಬುದು ಅವರಿಗೂ ಗೊತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಒಂದು ದಿನ ಅವರ ಮನೆ ಮುಂದೆಯೇ ಟ್ಯಾಕ್ಸಿ ನಿಂತಿತು. ಚಾಲಕ ಗಂಟೆ ಒತ್ತಿದ. ಬಾಗಿಲು ತೆಗೆಯದಿದ್ದರೆ ಏನೂ ಆಗಿಲ್ಲವೆಂದೇ ಉಳಿಯುತ್ತದೆ ಎಂದು ತನ್ನ ಮನಸ್ಸು ಹೇಳಿತೆಂದು ಜೂಲಿಯಾ ಆಮೇಲೆ ನೆನಪಿಸಿಕೊಂಡಿದ್ದಾರೆ. ಕೊನೆಗೆ ಮಕ್ಕಳಿಗಾಗಿ ಧೈರ್ಯ ತಂದುಕೊಂಡು ಹೋಗಿ ತೆರೆದರು. ಚಾಲಕನಿಗೆ ಬೇಕಾಗಿದ್ದದ್ದು ಯಾವುದೋ ಮನೆಯ ವಿಳಾಸ. ಇನ್ನು ಮುಂದೆ ಎಂದೂ ನನಗೆ ಹೀಗೆ ಮಾಡಬೇಡ ಎಂದು ಅವರು ಅವನ ಮೇಲೆ ಕೂಗಿದರು. ಅವನು ಕ್ಷಮೆ ಕೇಳಿದ. ಈ ಕೆಲಸ ನಮಗೆ ಯಾರಿಗೂ ಬೇಡವಾಗಿದೆ ಅಮ್ಮಾ ಎಂಬ ಅರ್ಥದ ಮಾತು ಹೇಳಿದ.

ಆಮೇಲೆ ಜೂಲಿಯಾ ಮನೆಯಲ್ಲಿ ಕೂರಲಿಲ್ಲ. ಟ್ಯಾಕ್ಸಿಗಳು ಹೋದ ಕಡೆ ತಾವೂ ಹೋದರು. ಟ್ರೈಲರ್ ಮನೆಗಳಿಗೆ, ಮೂರನೆಯ ಮಹಡಿಯ ಬಾಡಿಗೆ ಕೋಣೆಗಳಿಗೆ, ಎಲ್ಲಿ ಟೆಲಿಗ್ರಾಂ ಹೋಗಿತ್ತೋ ಅಲ್ಲಿಗೆ. ಸತ್ತ ಸೈನಿಕನ ದರ್ಜೆ ನೋಡಲಿಲ್ಲ, ಮೈಬಣ್ಣ ನೋಡಲಿಲ್ಲ. ಅಳುತ್ತಿರುವವಳ ಪಕ್ಕ ಕೂತರು, ಮಕ್ಕಳನ್ನು ಎತ್ತಿಕೊಂಡರು. ಗಂಡನ ಬೆಟಾಲಿಯನ್ನಿನವರ ಶವಪೆಟ್ಟಿಗೆಗಳು ಒಂದೊಂದಾಗಿ ಫೋರ್ಟ್ ಬೆನಿಂಗ್‌ನ ಸ್ಮಶಾನಕ್ಕೆ ಬಂದಾಗ ಅಂತ್ಯಕ್ರಿಯೆಗೆ ಹೋಗಿ ನಿಂತರು. ತಮ್ಮ ಗಂಡನೇ ಕರೆದೊಯ್ದು ಕಳೆದುಕೊಂಡ ಹುಡುಗರ ತಾಯಂದಿರನ್ನು, ಹೆಂಡಿರನ್ನು ಎದುರಿಸುವುದು ಎಂಥ ಕಷ್ಟವೆಂದು ಯೋಚಿಸಿ. ಯಾರಾದರೂ ಅವರ ಮುಖಕ್ಕೆ ಬಾಗಿಲು ಹಾಕಿದ್ದರೆ ತಪ್ಪೆನ್ನಲು ಆಗುತ್ತಿರಲಿಲ್ಲ. ಆದರೂ ಹೋದರು.

ಜೊತೆಗೆ ಪೆಂಟಗನ್‌ಗೆ ದೂರು ಹೋಯಿತು. ಡಿವಿಷನ್ನಿನ ಮುಖ್ಯಸ್ಥ ಜನರಲ್ ಹ್ಯಾರಿ ಕಿನಾರ್ಡ್ ಅವರ ಪತ್ನಿಯೂ ದನಿಗೂಡಿಸಿದರು. ದೂರು ಸರಳವಾಗಿತ್ತು: ಇದು ಟ್ಯಾಕ್ಸಿಯವನು ಮಾಡುವ ಕೆಲಸವಲ್ಲ, ಇವರನ್ನು ಕಳಿಸಿದ ಸೇನೆಯೇ ಬಂದು ಹೇಳಬೇಕು. ಎರಡು ವಾರದೊಳಗೆ ಪದ್ಧತಿ ಬದಲಾಯಿತು. ಸಮವಸ್ತ್ರ ತೊಟ್ಟ ಅಧಿಕಾರಿ ಮತ್ತು ಒಬ್ಬ ಸೇನಾ ಪಾದ್ರಿ ಮನೆಗೆ ಹೋಗಿ ಹೇಳಬೇಕು, ದೃಢೀಕರಿಸುವ ಟೆಲಿಗ್ರಾಂ ಆಮೇಲೆ ಬರಬೇಕು ಎಂದಾಯಿತು. ಸರ್ಕಾರಿ ಕಚೇರಿಯ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಕಾಲ ಬೇಕೆಂದು ಬಲ್ಲವರಿಗೆ ಆ ಎರಡು ವಾರದ ಬೆಲೆ ತಿಳಿಯುತ್ತದೆ.

ವಿಯೆಟ್ನಾಂ ಯುದ್ಧದಲ್ಲಿ ಒಟ್ಟು 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಇಯಾ ದ್ರಾಂಗ್ ನಂತರ ಸತ್ತವರ ಮನೆಗಳಿಗೆ ಸುದ್ದಿ ಹೋದದ್ದು ಬಹುಮಟ್ಟಿಗೆ ಈ ಹೊಸ ರೀತಿಯಲ್ಲಿ. ಇಂದಿಗೂ ಅಲ್ಲಿನ ನಿಯಮಗಳು ಕಟ್ಟುನಿಟ್ಟು. ಇಬ್ಬರು ಹೋಗಬೇಕು. ಹೇಳುವವನ ದರ್ಜೆ ಸತ್ತವನ ದರ್ಜೆಗಿಂತ ಕಡಿಮೆ ಇರಬಾರದು. ಸುದ್ದಿ ಖಚಿತವಾದ ನಾಲ್ಕು ಗಂಟೆಯೊಳಗೆ ತಲುಪಬೇಕು, ಆದರೆ ನಡುರಾತ್ರಿಯ ಮೇಲೆ ಬಾಗಿಲು ತಟ್ಟಬಾರದು. ಫೋನಿನಲ್ಲಿ ಹೇಳಬಾರದು. ಸುತ್ತಿ ಬಳಸದೆ ಸತ್ತಿದ್ದಾರೆ ಎಂದೇ ಹೇಳಬೇಕು. ಮನೆಯವರಿಗೆ ತಿಳಿಸಿ 24 ಗಂಟೆ ಆಗುವವರೆಗೆ ಸತ್ತವರ ಹೆಸರನ್ನು ಪತ್ರಿಕೆಗಳಿಗೆ ಕೊಡಬಾರದು. ಈ ಕೆಲಸಕ್ಕೆ ಹೋದ ಅಧಿಕಾರಿಗಳಲ್ಲಿ ಯುದ್ಧ ನೋಡಿ ಬಂದವರೂ ಇದ್ದರು. ಗುಂಡಿನ ಎದುರು ನಿಲ್ಲುವುದಕ್ಕಿಂತ ಆ ಬಾಗಿಲ ಎದುರು ನಿಲ್ಲುವುದು ಕಷ್ಟ ಎಂದವರಿದ್ದಾರೆ. ಆ ಕಷ್ಟವನ್ನು ಸೇನೆ ಹೊರಬೇಕು ಎಂಬುದೇ ಜೂಲಿಯಾ ಅವರ ವಾದವಾಗಿತ್ತು, ನನ್ನ ವಾದವೂ ಅದೇ.

ಅದೇ 1965ರಲ್ಲಿ, ಇಯಾ ದ್ರಾಂಗ್‌ಗೆ ಎರಡು ತಿಂಗಳು ಮೊದಲು, ನಮ್ಮ ದೇಶವೂ ಯುದ್ಧದಲ್ಲಿತ್ತು. ನಮ್ಮಲ್ಲಿ ಸುದ್ದಿ ತರುತ್ತಿದ್ದದ್ದು ತಂತಿಯೇ. ಹಳ್ಳಿಗಳಲ್ಲಿ ತಂತಿ ಬಂತೆಂದರೆ ಒಡೆದು ನೋಡುವ ಮೊದಲೇ ಅಳು ಶುರುವಾಗುತ್ತಿದ್ದ ಕಾಲ ಅದು. ಇಂಗ್ಲಿಷ್ ಓದಲು ಬಾರದ ಮನೆಗಳೇ ಹೆಚ್ಚು. ಕೊಲಂಬಸ್‌ನ ಟ್ಯಾಕ್ಸಿಯವನು ಹೊತ್ತ ಭಾರವನ್ನು ಇಲ್ಲಿ ಪೋಸ್ಟ್‌ಮನ್, ಇಲ್ಲವೇ ಊರಿನ ಶಾಲೆಯ ಮೇಷ್ಟ್ರು ಹೊರುತ್ತಿದ್ದರು. ಸತ್ತವರ ಅಂತ್ಯಕ್ರಿಯೆ ಬಹುಮಟ್ಟಿಗೆ ರಣರಂಗದ ಹತ್ತಿರವೇ ನಡೆದುಹೋಗುತ್ತಿತ್ತು. ಊರಿಗೆ ಬರುತ್ತಿದ್ದದ್ದು ಆಮೇಲೆ, ಅವನ ಟ್ರಂಕು.

ತಂತಿಯೂ ಹೇಳಲಾಗದ ಸಾವುಗಳಿದ್ದವು. ಚೀನಾ ಯುದ್ಧದಲ್ಲಿ, 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾ ಕಣಿವೆಮಾರ್ಗದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು 13 ಕುಮಾಂವ್ ದಳದ ಹೆಚ್ಚುಕಡಿಮೆ ಒಂದಿಡೀ ಕಂಪನಿ ಹೋರಾಡಿ ಸತ್ತಿತು. ಸತ್ತವರು 114 ಮಂದಿ, ಬಹುಪಾಲು ಹರಿಯಾಣದ ಅಹೀರ ರೈತಮನೆಗಳ ಮಕ್ಕಳು. ಬದುಕಿ ಬಂದ ಕೆಲವರ ಮಾತನ್ನು ಸುಲಭವಾಗಿ ನಂಬಿದವರಿಲ್ಲ. ಹಿಮ ಎಲ್ಲವನ್ನೂ ಮುಚ್ಚಿಕೊಂಡಿತ್ತು. 1963ರ ಫೆಬ್ರವರಿಯಲ್ಲಿ ಕುರಿ ಕಾಯುವವನೊಬ್ಬ ಅಲ್ಲಿಗೆ ಹೋದಾಗ, ಕೈಯಲ್ಲಿ ಬಂದೂಕು ಹಿಡಿದಂತೆಯೇ ಹೆಪ್ಪುಗಟ್ಟಿದ ಶವಗಳನ್ನು ಕಂಡ. ಆ ಮನೆಗಳಿಗೆ ನಿಜ ಗೊತ್ತಾಗಲು ಮೂರು ತಿಂಗಳು, ಒಬ್ಬ ಕುರುಬನ ಕಣ್ಣು ಬೇಕಾಯಿತು.

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರದು ಇನ್ನೂ ದೀರ್ಘ ಕಾಯುವಿಕೆ. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಬದಲಿಯಾಗಿ ಇದ್ದವರು, ತಂಡ ಸೇರಿಕೊಂಡು ಹೋದರು. ಮರಳಲಿಲ್ಲ. ಏನಾಯಿತೆಂದು ಜೊತೆಯವರು ಯಾರೂ ನೋಡಿರಲಿಲ್ಲ. ವಾಯುಪಡೆಯ ದಾಖಲೆಯಲ್ಲಿ ಅವರು ಕಾಣೆಯಾದವರು. ಮನೆಯವರಿಗೆ ಹೇಳಲು ವಾಯುಪಡೆಯ ಬಳಿ ಅಷ್ಟೇ ಇತ್ತು. 1979ರಲ್ಲಿ ಪಾಕಿಸ್ತಾನದ ವಾಯುಪಡೆಯ ಪರವಾಗಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕ ಬಂದಾಗ ಉಳಿದ ಕಥೆ ಹೊರಬಿತ್ತು. ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನದಿಂದ ಪೆಟ್ಟು ತಿಂದ ಮೇಲೂ ದೇವಯ್ಯ ತಿರುಗಿ ನಿಂತು ಅದನ್ನು ಹೊಡೆದುರುಳಿಸಿದ್ದರು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಶೂಟಿನಲ್ಲಿ ಹಾರಿ ಬದುಕಿಕೊಂಡಿದ್ದರು. 1988ರಲ್ಲಿ, ಘಟನೆ ನಡೆದ 23 ವರ್ಷಕ್ಕೆ, ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಗಂಡ ಹೇಗೆ ಸತ್ತನೆಂಬ ಸುದ್ದಿ ಪತ್ನಿಗೆ ಶತ್ರುದೇಶದ ಕಡೆಯಿಂದ ಬರಬೇಕಾಯಿತು. 1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾದ 54 ಮಂದಿಯ ಮನೆಗಳಿಗೆ ಅಷ್ಟೂ ಬಂದಿಲ್ಲ.

1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಸರ್ಕಾರ ಮೊದಲ ಬಾರಿಗೆ ಮಡಿದವರ ಪಾರ್ಥಿವ ಶರೀರಗಳನ್ನು ಊರೂರಿಗೆ ಕಳಿಸಿತು. ಆ ಯುದ್ಧದಲ್ಲಿ 527 ಸೈನಿಕರು ಪ್ರಾಣ ಕೊಟ್ಟರು. ಮಗನ ಮುಖ ಕೊನೆಯ ಸಲ ನೋಡುವ ಹಕ್ಕು ತಾಯಿಗೆ ಸಿಕ್ಕಿದ್ದು ಸಣ್ಣ ವಿಷಯವಲ್ಲ. ಆದರೆ ಅದೇ ಯುದ್ಧ ಮನೆಮನೆಯ ಟಿವಿಗೂ ಬಂತು. ಅಲ್ಲಿಂದ ಮುಂದೆ ಸುದ್ದಿಯನ್ನು ತರುವವರು ಯಾರು ಎಂಬ ಹಳೆಯ ಪ್ರಶ್ನೆ ಹೊಸ ರೂಪ ತಾಳಿತು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದಾಗ ಕರ್ನಾಟಕ ಇದನ್ನು ಕಣ್ಣಾರೆ ಕಂಡಿತು. ಆ ಹತ್ತರಲ್ಲಿ ಮೂವರು ಕನ್ನಡನಾಡಿನವರು. ಯಾರೂ ಉಳಿದಿಲ್ಲವೆಂದು ಮರುದಿನವೇ ಸುದ್ದಿ ಬಂತು, ಸಂತಾಪಗಳು ಹರಿದವು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರ ಮನೆಯಲ್ಲಿ ಆಗಲೇ ಅಳು ತುಂಬಿತ್ತು. ಆರು ದಿನಗಳ ಮೇಲೆ ಹಿಮದಡಿ ಅವರು ಉಸಿರಾಡುತ್ತಿರುವುದು ಸಿಕ್ಕಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಒಂದೇ ಮನೆ ಒಂದೇ ಮಗನ ಸಾವಿನ ಸುದ್ದಿಯನ್ನು ಎರಡು ಸಲ ಕೇಳಿತು.

ಜೂಲಿಯಾ ಮೂರ್ 2004ರಲ್ಲಿ ತೀರಿಕೊಂಡರು. ಗಂಡನ ಸೈನಿಕರನ್ನು ಹೂಳಿದ ಫೋರ್ಟ್ ಬೆನಿಂಗ್‌ನ ಸ್ಮಶಾನದಲ್ಲೇ ಅವರನ್ನೂ ಹೂಳಿದರು. 2023ರಲ್ಲಿ ಆ ನೆಲೆಗೆ ಗಂಡ ಹೆಂಡತಿ ಇಬ್ಬರ ಗೌರವಾರ್ಥ ಫೋರ್ಟ್ ಮೂರ್ ಎಂದು ಹೆಸರಿಟ್ಟರು. 2025ರಲ್ಲಿ ಅದನ್ನು ಮತ್ತೆ ಬೆನಿಂಗ್ ಎಂದು ಬದಲಿಸಿದರು. ಹೆಸರು ಹೋದರೂ ಅವರು ತಂದ ನಿಯಮ ಹೋಗಿಲ್ಲ.

ನಮ್ಮ ದೇಶದ ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ಈಗ ಸೇನೆಯ ಅಧಿಕಾರಿ ಊರು ತಲುಪುವ ಮೊದಲೇ ಸೈನಿಕನ ಫೋಟೊ, ಹೆಸರು, ಊರು ಸಾವಿರಾರು ಮೊಬೈಲುಗಳನ್ನು ಸೇರಿಬಿಡಬಹುದು. ಅದರಲ್ಲೊಂದು ಅವನ ತಂಗಿಯ ಮೊಬೈಲೂ ಆಗಿರಬಹುದು. ಶ್ರದ್ಧಾಂಜಲಿ ಎಂದು ಬರೆದಿದ್ದರೂ ಅವಳ ಪಾಲಿಗೆ ಅದು ನಡುರಾತ್ರಿ ಬಾಗಿಲು ಬಡಿದ ಟ್ಯಾಕ್ಸಿಯೇ. ಓದುಗರಲ್ಲಿ, ವಿಶೇಷವಾಗಿ ಸುದ್ದಿಮನೆಗಳಲ್ಲಿ ಕೆಲಸ ಮಾಡುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ: ಮನೆಯವರಿಗೆ ತಿಳಿಸಿ ಆಯಿತೆಂದು ಸೇನೆ ಹೇಳುವವರೆಗೆ ಗಡಿಯಲ್ಲಿ ಮಡಿದವನ ಹೆಸರನ್ನೂ ಫೋಟೊವನ್ನೂ ಯಾರಿಗೂ ಕಳಿಸಬೇಡಿ.